ಅಪ್ಪನ ಜಗಲಿಗೊಂದು ಪರದೆ

ಶುಕ್ರವಾರ ರಾತ್ರಿ ಹನ್ನೊಂದು ಗಂಟೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ‘ಔಟ್‌ಡೋರ್ ಬ್ಲೈಂಡ್ಸ್’ ಅಂತ ಹುಡುಕ್ತಾ ಇದ್ದೆ. ಒಂದಾದ ಮೇಲೊಂದು ಚಿತ್ರ. ಬಾಲ್ಕನಿ, ಬೆತ್ತದ ಕುರ್ಚಿ, ಕುಂಡದಲ್ಲಿ ಹಸಿರು ಗಿಡ, ಕಾಫಿ ಕಪ್ ಹಿಡಿದು ನಗ್ತಾ ಕೂತ ಹುಡುಗಿ. ಅವಳ ಹಿಂದೆ ಸುಕ್ಕಿಲ್ಲದೆ ಇಳಿಬಿಟ್ಟ ಪರದೆ.

ನನಗೆ ಬೇಕಾಗಿದ್ದು ಬಾಲ್ಕನಿಗಲ್ಲ. ಗುಡೇಮಾರನಹಳ್ಳಿಯ ನಮ್ಮ ಹೆಂಚಿನ ಮನೆಯ ಜಗಲಿಗೆ.

ನಮ್ಮೂರು ಇರೋದು ಸೋಲೂರು ಹೋಬಳಿಯಲ್ಲಿ. ಮನೆ ಪಶ್ಚಿಮಕ್ಕೆ ಮುಖ, ಎದುರಿಗೇ ರಸ್ತೆ. ಮೊಣಕಾಲೆತ್ತರದ ಜಗಲಿ, ಉದ್ದ 12 ಅಡಿ, ನಾಲ್ಕು ಮರದ ಕಂಬ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕೋಕೆ ಹೋಗೋರೆಲ್ಲ ಅದರ ಮುಂದೇನೇ ಹೋಗಬೇಕು. ಹೋಗೋರೆಲ್ಲ ಅಪ್ಪನ್ನ ಮಾತಾಡಿಸ್ಕೊಂಡೇ ಹೋಗೋರು. ಯಾರ ಹಸು ಗಬ್ಬ ಆಯ್ತು, ಯಾರ ಬೋರ್‌ವೆಲ್‌ನಲ್ಲಿ ನೀರು ನಿಂತಿತು, ಎಲ್ಲಾ ಅಲ್ಲೇ ತೀರ್ಮಾನ. ನಮ್ಮ ಮನೆಗೆ ದಾರಿ ಕೇಳಿದ್ರೆ ಊರಲ್ಲಿ ಹೇಳ್ತಿದ್ದಿದ್ದೇ ಹೀಗೆ: “ನೆಟ್ಟಗೆ ಹೋಗಿ, ಜಗಲಿ ಮೇಲೆ ಗೌಡ್ರು ಕೂತಿರ್ತಾರೆ, ಅದೇ ಮನೆ.”

ಹೋದ ವರ್ಷ ದೀಪಾವಳಿ ಕಳೆದು ಎರಡು ವಾರಕ್ಕೆ ಅಪ್ಪನಿಗೆ ಸ್ಟ್ರೋಕ್ ಆಯಿತು. ಊರಿನ ಮಾತಲ್ಲಿ ‘ಲಕ್ವ ಹೊಡೀತು’. ಜೀವಕ್ಕೇನೂ ಆಗಲಿಲ್ಲ. ಆದರೆ ಎಡಗೈ ಏಳ್ತಾ ಇರಲಿಲ್ಲ, ಎಡಗಾಲು ಎಳೆದ ಹಾಗೆ, ಬಾಯಿ ಒಂದು ಕಡೆಗೆ ಸ್ವಲ್ಪ ಜಾರಿತ್ತು. ಮಾತು ನಿಧಾನ ಆಯ್ತು, ಆದ್ರೆ ತಲೆ ಮೊದಲಿನಷ್ಟೇ ಚುರುಕು.

ಆಸ್ಪತ್ರೆಯಿಂದ ಬಂದ ಮೊದಲ ವಾರ ಊರಿಗೆ ಊರೇ ನೋಡೋಕೆ ಬಂತು. ಪ್ರೀತಿಯಿಂದಲೇ ಬಂದೋರು. ಆದ್ರೆ ಬಂದವರೆಲ್ಲ ಕೇಳ್ತಿದ್ದಿದ್ದು ಒಂದೇ: “ಎಲ್ಲಿ ಗೌಡ್ರೆ, ಆ ಕೈ ಒಸಿ ಎತ್ತಿ ನೋಡನ.” ಅಪ್ಪ ಎತ್ತೋಕೆ ನೋಡೋರು. ಏಳ್ತಿರಲಿಲ್ಲ. ಅವರು ‘ಚ್ಚು ಚ್ಚು’ ಅನ್ನೋರು. ಹತ್ತು ನಿಮಿಷ ಬಿಟ್ಟು ಇನ್ನೊಬ್ಬರು ಬರೋರು, ಮತ್ತದೇ ಪರೀಕ್ಷೆ. ದಿನಕ್ಕೆ ಎಷ್ಟು ಸಲ ಸೋಲೋದು?

ಒಂದು ದಿನ ಅವ್ವ ಫೋನ್ ಮಾಡಿದಳು. “ನಿಮ್ಮಪ್ಪ ಆಚೆಗೇ ಬತ್ತಾ ಇಲ್ಲ ಕಣೆ. ನಡುಮನೇಲಿ ಗೋಡೆ ನೋಡ್ಕೊಂಡು ಕೂತ್ಕತಾರೆ. ಯಾರಾರ ಬಂದ್ರೆ ಮಲಗವ್ರೆ ಅಂತ ಹೇಳು ಅಂತಾರೆ.”

ಫಿಸಿಯೋಥೆರಪಿಯವರು ಹೇಳಿದ್ದು ಇದಕ್ಕೆ ತದ್ವಿರುದ್ಧ. ಹಾಸಿಗೆ ಬಿಡಿಸಿ, ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಬೆಳಕಿಗೆ ಕರ್ಕೊಂಡು ಬನ್ನಿ, ನಾಲ್ಕು ಜನರ ಜೊತೆ ಮಾತಾಡಿಸಿ ಅಂತ. ಆ ವಾರ ಊರಿಗೆ ಹೋದಾಗ ನೇರವಾಗಿ ಕೇಳಿದೆ.

“ಅಪ್ಪ, ಜಗಲಿಗೆ ಯಾಕೆ ಬರಲ್ಲ ನೀನು?”

ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಎಲ್ರೂ ನೋಡ್ತಾರೆ ಕಣವ್ವ.”

ಅರವತ್ತೆಂಟು ವರ್ಷ ಎಲ್ಲರೂ ನೋಡಲಿ ಅಂತಲೇ ಅಲ್ಲಿ ಕೂತಿದ್ದ ಮನುಷ್ಯ. ನನಗೆ ಎದೆಗೆ ಏನೋ ಚುಚ್ಚಿದ ಹಾಗಾಯ್ತು. ಪರಿಹಾರ ಮಾತ್ರ ತಕ್ಷಣ ಹೊಳೀತು. ನೋಡ್ತಾರೆ ಅಂದ್ರೆ, ಕಾಣದ ಹಾಗೆ ಮಾಡಿದರಾಯ್ತು. ಒಂದು ಪರದೆ. ಅಷ್ಟೇ ತಾನೆ?

ನಾವು ಬೆಂಗಳೂರಲ್ಲಿ ಕೆಲಸ ಮಾಡೋ ಮಕ್ಕಳಿಗೆ ಇದೊಂದು ರೋಗ. ಅಪ್ಪ ಅವ್ವ ಕಷ್ಟ ಹೇಳಿದ ತಕ್ಷಣ ಆರ್ಡರ್ ಮಾಡೋದು.

ಅವಸರದಲ್ಲಿ ನಾನು ತರಿಸಿದ್ದು ದಪ್ಪ ಪಿವಿಸಿ ಪರದೆ. ಮಳೆಗಾಲದಲ್ಲಿ ಬಾಲ್ಕನಿಗೆ ಕಟ್ಟೋದು ನೋಡಿರ್ತೀರಿ, ಅದೇ. ನೀಲಿ ಬಣ್ಣ, 12 ಅಡಿ ಅಗಲದ ಒಂದೇ ತುಂಡು. ಹಗ್ಗ ಎಳೆದರೆ ಸುರುಳಿ ಸುತ್ಕೊಂಡು ಮೇಲಕ್ಕೆ, ಬಿಟ್ಟರೆ ಕೆಳಕ್ಕೆ. ಶನಿವಾರ ಹಾಕಿಸಿದೆ, ಭಾನುವಾರ ಸಂಜೆ ಬಸ್ ಹತ್ತಿದೆ. ಏನೋ ದೊಡ್ಡ ಕೆಲಸ ಮುಗಿಸಿದ ಸಮಾಧಾನ.

ಸೋಮವಾರ ಬೆಳಿಗ್ಗೆ ಮೀಟಿಂಗ್ ನಡೀತಿರುವಾಗ ಅವ್ವನ ಫೋನು. ನಗ್ತಾ ಇದ್ದಾಳೋ ಅಳ್ತಾ ಇದ್ದಾಳೋ ಗೊತ್ತಾಗಲಿಲ್ಲ. ಬೆಳಗ್ಗೆ ಡೈರಿಗೆ ಹೊರಟಿದ್ದ ಇಬ್ಬರು ಹೆಂಗಸರು ಹಾಲಿನ ಕ್ಯಾನ್ ಕೆಳಗಿಟ್ಟು, ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು ಒಳಗೆ ಬಂದಿದ್ದರಂತೆ. “ಯಾವಾಗವ್ವ ಆಗಿದ್ದು?” ಅಂತ.

ತಪ್ಪು ಅವರದ್ದಲ್ಲ. ನಮ್ಮ ಕಡೆ ಮನೆ ಮುಂದೆ ಇದ್ದಕ್ಕಿದ್ದ ಹಾಗೆ ಬಟ್ಟೆಯೋ ಟಾರ್ಪಾಲೋ ಕಟ್ಟಿದರೆ ಎರಡೇ ಅರ್ಥ. ಒಂದು ಮದುವೆ, ಇನ್ನೊಂದು ಸಾವು. ಮಾವಿನ ಸೊಪ್ಪಿನ ತೋರಣ ಕಾಣಲಿಲ್ಲ, ಹಾಗಾಗಿ ಎರಡನೆಯದೇ ಅಂದ್ಕೊಂಡರು. ಒಳಗೆ ಕಾಫಿ ಕುಡೀತಾ ಕೂತಿದ್ದ ಅಪ್ಪನಿಗೆ ಇದೆಲ್ಲ ಕೇಳಿಸ್ತು.

ಅದರ ಜೊತೆಗೆ ಬೇರೆ ತೊಂದರೆಗಳೂ ಒಂದೊಂದೇ ಬಂದವು. ಪಶ್ಚಿಮದ ಬಿಸಿಲು ಸಂಜೆ ಹೊತ್ತಿಗೆ ಕೆಳಗಿಳಿದು ಸೂರಿನ ಅಡಿಯಿಂದ ನೇರವಾಗಿ ನುಗ್ಗುತ್ತೆ. ಆ ಪಿವಿಸಿ ಕಾದು ಒಳಗೆಲ್ಲ ಧಗೆ, ಪ್ಲಾಸ್ಟಿಕ್ ವಾಸನೆ. ಗಾಳಿ ಆಡಲ್ಲ. ಅಪ್ಪನಿಗೆ ಹೊರಗೆ ಏನೂ ಕಾಣಲ್ಲ. “ಆಚೆ ಕೂತ್ರೂ ಒಳ್ಗೇ ಕೂತಂಗೆ. ಅದ್ಕೆ ನಡುಮನೇನೇ ವಾಸಿ” ಅಂದರು.

ಎಲ್ಲಕ್ಕಿಂತ ದೊಡ್ಡ ತೊಂದರೆ ಹಗ್ಗದ್ದು. ಅಷ್ಟು ಭಾರದ ಪರದೆ ಎತ್ತಬೇಕಾದರೆ ಒಂದು ಕೈಲಿ ಹಗ್ಗ ಎಳೀಬೇಕು, ಇನ್ನೊಂದು ಕೈಲಿ ಅದನ್ನ ಕಂಬದ ಕೊಕ್ಕೆಗೆ ಸುತ್ತಬೇಕು. ಅಪ್ಪನಿಗಿರೋದು ಒಂದೇ ಕೈ. ಪರದೆ ಎತ್ತಬೇಕು ಅನ್ನಿಸಿದಾಗಲೆಲ್ಲ ಅವ್ವನ್ನ ಕೂಗಬೇಕು. ಅವ್ವ ಹಟ್ಟೀಲಿ ಸಗಣಿ ಬಾಚ್ತಿದ್ದರೆ ಕೈ ತೊಳೆದು ಬರೋವರೆಗೆ ಕಾಯಬೇಕು. ಮೂರು ದಿನ ಕೂಗಿದರಂತೆ. ನಾಲ್ಕನೇ ದಿನ ಕೂಗೋದು ಬಿಟ್ಟು ಒಳಗೆ ಹೋಗಿ ಕೂತರಂತೆ.

ಆಗ ನನಗೆ ಅರ್ಥವಾಯ್ತು, ನಾನು ಪರದೆ ಆರಿಸಿದ್ದು ಅಪ್ಪನಿಗಲ್ಲ. ಅಪ್ಪ ಈ ಸ್ಥಿತಿಯಲ್ಲಿರೋದನ್ನ ನೋಡಲಾಗದ ನನಗೆ.

ಮುಂದಿನ ಶನಿವಾರ ನೀಲಿ ಪರದೆ ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದೆ. (ಈಗ ಅದು ರಾಗಿ ಒಣಗಿಸೋಕೆ ಒಳ್ಳೆ ಹಾಸು.) ಅಪ್ಪನ ಪಕ್ಕ ಮೊಬೈಲ್ ಹಿಡ್ಕೊಂಡು ಕೂತು, ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ: “ನಿನಗೆ ಎಂಥದ್ದು ಬೇಕು?”

“ನಂಗೆ ಅವ್ರು ಕಾಣ್ಬೇಕು. ಅವ್ರಿಗೆ ನಾನು ಕಾಣ್ಬಾರ್ದು.”

“ಅಂಥದ್ದು ಎಲ್ಲಿ ಸಿಗುತ್ತೆ ಅಪ್ಪ?”

“ಯಾಕ್ ಸಿಗಕಿಲ್ಲ? ಊಜಿ ನೆಟ್ ಮರ್ತೋದೇನು?”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ರೇಷ್ಮೆ ಬೆಳೀತಿದ್ದ ಮನೆ. ಬೆಳೆದ ಗೂಡನ್ನ ಅಪ್ಪ ರಾಮನಗರದ ಮಾರುಕಟ್ಟೆಗೆ ಹಾಕ್ತಿದ್ದರು. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಊಜಿ ನೊಣ ಬಂತು. ನೊಣ ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಡುತ್ತೆ, ಮರಿ ಒಳಗೆ ಕೊರೆದು ಹೋಗಿ ಹುಳವನ್ನ ತಿನ್ನುತ್ತೆ. ಕೂತ ಜಾಗದಲ್ಲಿ ಕಪ್ಪು ಮಚ್ಚೆ. ಎಷ್ಟೋ ಮನೆಗಳ ಬೆಳೆ ಹೋಯ್ತು. ಆಮೇಲೆ ಹುಳು ಸಾಕೋ ಮನೆಗಳ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಬಲೆ ಬಂತು. ಗಾಳಿ ಬರಬೇಕು, ನೊಣ ಬರಬಾರದು. ಅದನ್ನೇ ನಮ್ಮ ಕಡೆ ಊಜಿ ನೆಟ್ ಅನ್ನೋದು.

“ಹಗಲೊತ್ತು ಹುಳು ಮನೇಲಿ ನಾನು ಸೊಪ್ಪು ಹಾಕ್ತಾ ಇರ್ತಿದ್ನಾ? ನೀನು ಆಚೆ ಕುಂಟೆಬಿಲ್ಲೆ ಆಡ್ತಾ ಇರೋದು ನಂಗೆ ಚೆಂದಾಗಿ ಕಾಣ್ತಿತ್ತು. ನೀನು ಬಲೆಗೆ ಮೂಗು ಒತ್ತಿ ನೋಡಿದ್ರೂ ನಾನು ಕಾಣ್ತಿರ್ಲಿಲ್ಲ. ಅಪ್ಪ ಎಲ್ಲೀ ಅಂತ ಅಳ್ತಿದ್ದೆ.”

ಹೌದು, ಅಳ್ತಿದ್ದೆ. ನೆನಪಾಯ್ತು.

ವಿಷಯ ಸರಳ. ಬೆಳಕು ಯಾವ ಕಡೆ ಹೆಚ್ಚೋ ಆ ಕಡೆಯದ್ದು ಕಾಣುತ್ತೆ. ಹಗಲು ರಸ್ತೆಯಲ್ಲಿ ಬೆಳಕು, ಜಗಲಿಯಲ್ಲಿ ನೆರಳು. ನಡುವೆ ಸಣ್ಣ ತೂತಿನ ಬಲೆ ಇದ್ದರೆ ಒಳಗಿನವರಿಗೆ ರಸ್ತೆ ಕಾಣುತ್ತೆ, ರಸ್ತೆಯವರಿಗೆ ಬಲೆ ಮಾತ್ರ ಕಾಣುತ್ತೆ. ಅಂಗಡಿಗಳಲ್ಲಿ ಇದನ್ನೇ ‘ಸನ್‌ಸ್ಕ್ರೀನ್ ಮೆಶ್’ ಅಂತ ಮಾರ್ತಾರೆ. ಪಾಲಿಯೆಸ್ಟರ್ ಅಥವಾ ಫೈಬರ್‌ಗ್ಲಾಸ್ ನೂಲಿಗೆ ಪಿವಿಸಿ ಲೇಪನ ಮಾಡಿ ನೇಯ್ದದ್ದು. ಅದರ ಮೇಲೆ 3%, 5%, 10% ಅಂತ ಬರೆದಿರುತ್ತೆ. ಬಟ್ಟೆಯಲ್ಲಿ ತೂತಿನ ಪಾಲು ಎಷ್ಟು ಅನ್ನೋ ಲೆಕ್ಕ ಅದು. ಸಂಖ್ಯೆ ಕಮ್ಮಿಯಾದಷ್ಟು ಮರೆ ಹೆಚ್ಚು, ಜಾಸ್ತಿಯಾದಷ್ಟು ಗಾಳಿ ಮತ್ತು ನೋಟ ಹೆಚ್ಚು.

ಬಣ್ಣದಲ್ಲೂ ಒಂದು ಗುಟ್ಟಿದೆ. ಬಿಳಿ ಮೆಶ್ ಬಿಸಿಲನ್ನ ಚೆನ್ನಾಗಿ ಹಿಂದಕ್ಕೆ ಕಳಿಸುತ್ತೆ, ಆದರೆ ಅದೇ ಬೆಳಗಿಬಿಡೋದರಿಂದ ಆಚೆಯದ್ದು ಮಂಜಾಗಿ ಕಾಣುತ್ತೆ. ಕಡು ಬಣ್ಣ ಸ್ವಲ್ಪ ಹೆಚ್ಚು ಕಾಯುತ್ತೆ, ಆದರೆ ಅದರ ಮೂಲಕ ನೋಟ ಸ್ಪಷ್ಟ. ನನಗೆ ಕೆನೆ ಬಣ್ಣ ಇಷ್ಟವಾಗಿತ್ತು. ಮನೆಗೆ ಒಪ್ಪುತ್ತೆ ಅಂತ. ಆದರೆ ಅಪ್ಪನಿಗೆ ಬೇಕಾಗಿದ್ದು ರಸ್ತೆ. ಕಡು ಕಂದು, 5% ಅಂತ ತೀರ್ಮಾನವಾಯ್ತು.

ಇನ್ನು ಅಳತೆ. 12 ಅಡಿ ಒಂದೇ ತುಂಡು ಬೇಡವೇ ಬೇಡ ಅಂದರು ಅಪ್ಪ. “ಚಂದ್ರಿಕೆ ಅಗಲ ಇಟ್ಕೊ. ಮೂರು ಮಾಡ್ಸು.”

ಚಂದ್ರಿಕೆ ನೋಡಿಲ್ಲದವರಿಗೆ: ಅದು ಬಿದಿರಿನ ತಟ್ಟಿ, ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಕಟ್ಟಿರ್ತಾರೆ. ಹಣ್ಣಾದ ಹುಳುಗಳನ್ನ ಅದರಲ್ಲಿ ಬಿಟ್ಟರೆ ಸಂದುಗಳಲ್ಲಿ ಕೂತು ಗೂಡು ಕಟ್ಟುತ್ತವೆ. ಆರಡಿ ಉದ್ದ, ನಾಲ್ಕಡಿ ಅಗಲ. ಗೂಡು ಕಟ್ಟೋ ಸಮಯದಲ್ಲಿ ಗಾಳಿ ಬೇಕು, ನೇರ ಬಿಸಿಲು ಬೀಳಬಾರದು. ಹಾಗಾಗಿ ಬೆಳಗಿನ ಹೊತ್ತು ಜಗಲಿಯ ನೆರಳಲ್ಲಿ ಕಂಬಗಳ ನಡುವೆ ಅವನ್ನ ಸಾಲಾಗಿ ಒರಗಿಸಿ ನಿಲ್ಲಿಸ್ತಿದ್ದರು. ಎರಡು ಕಂಬದ ನಡುವೆ ಒಂದು, ಒಟ್ಟು ಮೂರು. ನಮ್ಮ ಜಗಲಿಗೆ ಪರದೆ ಹೊಸದೇನಲ್ಲ, ವರ್ಷಕ್ಕೆ ನಾಲ್ಕೈದು ಸಲ ತಾನಾಗೇ ಬರ್ತಿತ್ತು. ಚಂದ್ರಿಕೆ ನಿಂತಿದೆ ಅಂದ್ರೆ ಆ ಮನೆಯಲ್ಲಿ ಬೆಳೆ ಬಂದಿದೆ ಅಂತ ಊರಿಗೆ ಗೊತ್ತು. ಯಾರೂ ಸೆರಗು ಬಾಯಿಗೆ ಹಿಡ್ಕೊಂಡು ಬರ್ತಿರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದವಳು ಈ ಸಲ ಆನ್‌ಲೈನ್ ಬಿಟ್ಟು ಅಂಗಡಿಗೆ ಹೋದೆ. ಹೋದವಳೇ ಒಂದು ಕುರ್ಚಿ ಕೇಳಿ ಕೂತೆ. ದುಪಟ್ಟಾದಲ್ಲಿ ಎಡಗೈಯನ್ನ ಸೊಂಟಕ್ಕೆ ಕಟ್ಟಿಕೊಂಡೆ. “ಈಗ ಒಂದೊಂದೇ ಪರದೆ ಕೊಡಿ, ನಾನೇ ಎತ್ತಿ ಇಳಿಸಿ ನೋಡ್ತೀನಿ” ಅಂದೆ. ಅಲ್ಲಿದ್ದ ಹುಡುಗ ನಕ್ಕ. ಕಾರಣ ಹೇಳಿದ ಮೇಲೆ ನಗು ನಿಲ್ಲಿಸಿ, ಕುರ್ಚಿಯನ್ನ ಅವನೇ ಒಂದೊಂದು ಪರದೆಯ ಮುಂದೆ ಎಳೆದು ಹಾಕಿದ.

ಒಂಟಿಕೈಲಿ ನೋಡಿದಾಗ ಎಲ್ಲದರ ಗುಣ ಬೇರೆಯೇ ಕಾಣುತ್ತೆ.

ಬಿದಿರಿನ ಸುರುಳಿ ಪರದೆ ನೋಡೋಕೆ ಎಲ್ಲಕ್ಕಿಂತ ಚೆಂದ, ದರವೂ ಕಮ್ಮಿ. ಆದರೆ ಹಗ್ಗವನ್ನ ಕೊಕ್ಕೆಗೆ ಸುತ್ತೋಕೆ ಇನ್ನೊಂದು ಕೈ ಬೇಕೇ ಬೇಕು. ಮಳೆ ಎರಚಲು ತಾಗಿದರೆ ಬೂಸ್ಟು, ಬಿಟ್ಟರೆ ಹುಳು ಕೊರೆಯೋದು.

ಸ್ಪ್ರಿಂಗ್ ಇರೋದನ್ನ ಎಳೆದು ಬಿಟ್ಟರೆ ತಾನಾಗೇ ಮೇಲೆ ಹೋಗುತ್ತೆ. ಆದರೆ ಇಳಿಸಬೇಕಾದರೆ ಎದ್ದು ನಿಂತು ಮೇಲಿನಿಂದ ಎಳೀಬೇಕು. ಕಾಲು ಭದ್ರವಿಲ್ಲದವರಿಗೆ ಅದು ಅಪಾಯ.

ಉದ್ದ ಸರಳಿಗೆ ಹಿಡಿ ಇರೋ, ತಿರುಗಿಸಿ ಎತ್ತೋ ಮಾದರಿ ಗಟ್ಟಿ, ದೊಡ್ಡ ಪರದೆಗೂ ಆಗುತ್ತೆ. ಒಂದು ಕೈಲಿ ಸರಳು ಹಿಡಿದು ಇನ್ನೊಂದರಲ್ಲಿ ತಿರುಗಿಸಬೇಕು. ಒಂದೇ ಕೈಲಿ ತಿರುಗಿಸಿದರೆ ಸರಳು ಸಾಮು ಮಾಡುತ್ತೆ.

ಅಂಚಿಗೆ ಜಿಪ್ ಇದ್ದು ಎರಡೂ ಕಡೆ ಅಲ್ಯೂಮಿನಿಯಂ ಕಾಲುವೆಯಲ್ಲಿ ಜಾರೋದು ಗಾಳಿಗೆ ಜಗ್ಗಲ್ಲ, ಸೊಳ್ಳೆನೂ ಬರಲ್ಲ. ಮೋಟಾರ್ ಹಾಕಿಸಿದರೆ ರಿಮೋಟ್‌ನ ಒಂದು ಗುಂಡಿ ಸಾಕು. ಒಂಟಿಕೈಗೆ ಇದೇ ಅತಿ ಸುಲಭ. ಆದರೆ ಬಿದಿರಿನದಕ್ಕೂ ಇದಕ್ಕೂ ದರ ಹಲವು ಪಟ್ಟು ವ್ಯತ್ಯಾಸ. ಅದಕ್ಕಿಂತ ಹೆಚ್ಚಾಗಿ, ಮಳೆ ಗಾಳಿ ಬಂದಾಗಲೇ ಪರದೆ ಎತ್ತಬೇಕಾಗೋದು, ನಮ್ಮೂರಲ್ಲಿ ಕರೆಂಟ್ ಹೋಗೋದೂ ಆಗಲೇ. ಕಾಲುವೆ ಕೂರಿಸೋಕೆ ಕಂಬ ನೆಟ್ಟಗಿರಬೇಕು, ನಮ್ಮ ಮರದ ಕಂಬಗಳು ತಾತನ ಕಾಲದವು, ಒಂದೊಂದು ಒಂದೊಂದು ಕಡೆ ವಾಲಿವೆ.

ಕೊನೆಗೆ ಉಳಿದದ್ದು ಮಣಿ ಸರಪಳಿಯದ್ದು. ಬಾವಿ ರಾಟೆಯ ಹಗ್ಗದ ಹಾಗೆ ಸುತ್ತು ಬರೋ ಸರಪಳಿ. ಒಂದು ಕಡೆ ಎಳೆದರೆ ಮೇಲಕ್ಕೆ, ಇನ್ನೊಂದು ಕಡೆ ಎಳೆದರೆ ಕೆಳಕ್ಕೆ. ಕೈ ಬಿಟ್ಟ ಜಾಗದಲ್ಲೇ ನಿಲ್ಲುತ್ತೆ, ಎಲ್ಲೂ ಕಟ್ಟಬೇಕಾಗಿಲ್ಲ. ಅಗಲ ಜಾಸ್ತಿಯಾದರೆ ಎಳೆಯೋಕೆ ಭಾರ. ನಾಲ್ಕಡಿಯದ್ದು ಹಗುರ. ಕೂತಲ್ಲಿಂದಲೇ, ಬಲಗೈ ಒಂದರಲ್ಲೇ ಎತ್ತಿದೆ, ಇಳಿಸಿದೆ. ಮತ್ತೆ ಎತ್ತಿದೆ. ಚಂದ್ರಿಕೆ ಅಗಲ ಇಟ್ಕೊ ಅಂತ ಅಪ್ಪ ಹೇಳಿದ್ದು ಯಾಕೆ ಅಂತ ಆಗ ಗೊತ್ತಾಯ್ತು. ಒಬ್ಬ ಮನುಷ್ಯ ಒಬ್ಬನೇ ಎತ್ತಬಲ್ಲ ಅಳತೆ ಅದು.

ತುಕ್ಕು ಹಿಡಿಯದ ಸ್ಟೀಲ್ ಸರಪಳಿ, ಕೆಳಗೆ ಭಾರದ ಪಟ್ಟಿ, ಗಾಳಿಗೆ ಬಡಿದುಕೊಳ್ಳದ ಹಾಗೆ ಎರಡೂ ಬದಿಗೆ ಸೂರಿನಿಂದ ನೆಲಕ್ಕೆ ಸಣ್ಣ ಉಕ್ಕಿನ ತಂತಿ. ಮರದ ಕಂಬಕ್ಕೆ ಮೊಳೆ ಹೊಡೆಸಲಿಲ್ಲ. ಸೂರಿನ ಅಡಿಯಲ್ಲಿ ಒಂದು ಕಬ್ಬಿಣದ ಪೈಪ್ ಹಾಯಿಸಿ ಅದಕ್ಕೆ ಮೂರನ್ನೂ ಕೂರಿಸಿದ್ವಿ. ಬೇಸಿಗೆ ರಜೆಗೆ ಅಕ್ಕನ ಪುಟ್ಟ ಮಗ ಬರ್ತಾನೆ. ಸರಪಳಿ ಜೋತುಬಿದ್ದರೆ ಮಕ್ಕಳ ಕುತ್ತಿಗೆಗೆ ಸಿಕ್ಕಿಕೊಳ್ಳೋ ಅಪಾಯ ಇದೆ ಅಂತ ಅಂಗಡಿಯ ಹುಡುಗನೇ ಎಚ್ಚರಿಸಿ, ಅದನ್ನ ಬಿಗಿಯಾಗಿ ಹಿಡಿಯೋ ಕ್ಲಿಪ್ ಹಾಕಿಸಿದ.

ಹಾಕಿದ ದಿನ ನಾನು ರಸ್ತೆಗೆ ಹೋಗಿ ನಿಂತೆ. “ಕಾಣ್ತೀನಾ?” ಒಳಗಿಂದ ಅಪ್ಪನ ದನಿ. ಕಂದು ಪರದೆ ಬಿಟ್ಟು ಏನೂ ಕಾಣಲಿಲ್ಲ. “ಇಲ್ಲ” ಅಂದೆ. “ನೀನು ಚಪ್ಪಲಿ ಅದಲು ಬದಲು ಹಾಕ್ಕೊಂಡಿದ್ದೀಯ” ಅಂದರು. ನೋಡಿದರೆ ನಿಜ. ಒಂದು ನಂದು, ಒಂದು ಅವ್ವಂದು.

ರಾತ್ರಿಗೆ ಆಟ ತಿರುಗುಮುರುಗಾಯ್ತು. ಜಗಲಿ ದೀಪ ಹಾಕಿದ ತಕ್ಷಣ ಅಪ್ಪ ಕೂತಿದ್ದು, ಅವ್ವ ಮಾತ್ರೆ ಕೊಟ್ಟಿದ್ದು ಎಲ್ಲಾ ರಸ್ತೆಗೆ ಟೆಂಟ್ ಸಿನಿಮಾದ ಹಾಗೆ ಕಾಣ್ತಿತ್ತು. ಅಪ್ಪನಿಗೆ ಆಶ್ಚರ್ಯವಾಗಲಿಲ್ಲ. “ಹುಳು ಮನೇಲೂ ಅಂಗೇಯ. ಲೈಟ್ ಆಚೆ ಹಾಕ್ಸು” ಅಂದರು. ಬಲ್ಬನ್ನ ಪರದೆಯ ಹೊರಗೆ, ಅಂಗಳದ ಕಡೆಗೆ ತಿರುಗಿಸಿ ಹಾಕಿಸಿದ್ವಿ. ಸರಿಹೋಯ್ತು.

ಇದರಿಂದ ಎಲ್ಲಾ ಸರಿಹೋಯ್ತು ಅಂತ ಹೇಳಲ್ಲ. ಜೋರು ಮಳೆಗೆ ಮೆಶ್ ಒಳಗೂ ಸಣ್ಣ ಎರಚಲು ಬರುತ್ತೆ. ಬಿರುಗಾಳಿ ಎದ್ದರೆ ಮೂರನ್ನೂ ಸುತ್ತಿಬಿಡಬೇಕು, ಆಮೇಲೆ ಮತ್ತೆ ಇಳಿಸಿ ಒಣಗಿಸಬೇಕು, ಒದ್ದೆ ಸುತ್ತಿಟ್ಟರೆ ಬೂಸ್ಟು ವಾಸನೆ. ರಸ್ತೆ ಧೂಳಿಗೆ ತಿಂಗಳಿಗೊಮ್ಮೆ ಮೆತ್ತನೆ ಬ್ರಷ್, ತಣ್ಣೀರು. ಅಪ್ಪನ ಎಡಗೈ ಇನ್ನೂ ಭುಜದ ಮಟ್ಟಕ್ಕೆ ಬಂದಿಲ್ಲ.

ಆದರೆ ಅಪ್ಪ ಹೊರಗೆ ಬಂದರು. ಮೊದಲ ವಾರ ಮೂರೂ ಪರದೆ ನೆಲದವರೆಗೆ. ಹಿಂದೆ ಕೂತು ಯಾರು ಹೋದರು, ಯಾರು ಬಂದರು ನೋಡೋದು. ನಡಿಗೆ ನೋಡಿಯೇ ಹೆಸರು ಹೇಳೋದು. ಎರಡನೇ ವಾರ ಒಂದು ಸಂಜೆ, ಹಾಲಿನ ಕ್ಯಾನ್ ಹಿಡಿದು ಹೋಗ್ತಿದ್ದ ಪಕ್ಕದ ಬೀದಿಯ ಹುಡುಗನಿಗೆ ಪರದೆ ಒಳಗಿಂದ, “ಏನ್ಲಾ, ಇವತ್ತು ಕ್ಯಾನು ಹಗೂರ್ಕೈತೆ, ಹಸ ಒದೀತಾ?” ಅಂದರಂತೆ. ಹುಡುಗ ಬೆಚ್ಚಿ ಅರ್ಧ ಹಾಲು ಚೆಲ್ಲಿದನಂತೆ. ಅಪ್ಪ ನಕ್ಕರಂತೆ. ಅದನ್ನ ಹೇಳ್ತಾ ಅವ್ವನ ದನಿ ಒಂಥರಾ ಆಯ್ತು. ಸ್ಟ್ರೋಕ್ ಆದ ಮೇಲೆ ಅದೇ ಮೊದಲ ನಗು.

ಅದಾದ ಮೇಲೆ ಒಂದು ಪರದೆ ಸ್ವಲ್ಪ ಮೇಲೆ ಹೋಯ್ತು. ರಸ್ತೆಯಿಂದ ನೋಡಿದರೆ ಎರಡು ಪಾದ ಮಾತ್ರ ಕಾಣೋದು. ಜನ ಪಾದ ನೋಡಿ ಮಾತಾಡಿಸಿ ಹೋಗೋರು. ಪರದೆ ಇಳಿದಿದ್ದರೆ ಈಗ ಯಾರೂ ಒಳಗೆ ಇಣುಕಲ್ಲ. ಎತ್ತಿದ್ದರೆ ನಿಲ್ತಾರೆ. ಕೈ ಎತ್ತಿ ತೋರಿಸು ಅಂತ ಯಾರೂ ಕೇಳಲ್ಲ. ಅಪ್ಪ ಬಾಯಿಬಿಟ್ಟು ಯಾರಿಗೂ ಏನೂ ಹೇಳಲಿಲ್ಲ, ಸರಪಳಿಯೇ ಹೇಳ್ತು.

ನಿಮ್ಮ ಮನೆಯಲ್ಲೂ ಅಪ್ಪ ಅಮ್ಮನಿಗಾಗಿ ಇಂಥದ್ದೇನಾದರೂ ಕೊಳ್ಳೋ ಯೋಚನೆ ಇದ್ದರೆ, ಬಣ್ಣ, ದರ, ರೇಟಿಂಗ್ ಎಲ್ಲಾ ಆಮೇಲೆ. ಮೊದಲು ಪರದೆ ಹಿಂದೆ ಕೂರೋರು ಯಾರೋ ಅವರ ಪಕ್ಕ ಕೂತು, ಅವರಿಗೆ ಕಾಣಬೇಕಾಗಿದ್ದು ಏನು ಅಂತ ಕೇಳಿ. ಆಮೇಲೆ ಅವರ ಕೈಲಿ ಎಷ್ಟಾಗುತ್ತೋ ಅಷ್ಟನ್ನೇ ಬಳಸಿ, ಕೂತಲ್ಲಿಂದಲೇ ಎತ್ತಿ ಇಳಿಸಿ ನೋಡಿ. ಬೇರೆಯವರು ಎತ್ತಬೇಕಾದ ಪರದೆ ಅವರಿಗೆ ಗೋಡೆಯೇ.

ಈಗ ದಿನಾ ರಾತ್ರಿ ಫೋನ್ ಮಾಡಿದಾಗ, ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಆದ ಮೇಲೆ ಇನ್ನೊಂದು ಪ್ರಶ್ನೆ ಸೇರಿದೆ.

“ಅಪ್ಪ, ಇವತ್ತು ಪರದೆ ಎಲ್ಲಿಗಂಟ?”

“ಮೊಣಕಾಲ್ಗಂಟ” ಅಂದ್ರೆ ಸಾಧಾರಣ ದಿನ. “ಮೂರೂ ಕೆಳಗೈತೆ” ಅಂದ್ರೆ ಏನೋ ಬೇಜಾರು, ಜಾಸ್ತಿ ಕೆದಕಬಾರದು. ಹೋದ ಬುಧವಾರ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

“ನಡುವಿಂದು ಪೂರ್ತಿ ಎತ್ತಿದ್ದೆ ಕಣವ್ವ. ಬಿಸ್ಲು ಇಳ್ದಿತ್ತು, ಗಾಳಿ ಚೆಂದಾಗಿತ್ತು. ಇಳ್ಸೋದೇ ಮರ್ತೋಯ್ತು.”